ಏರಿತೋ, ಏರಿಸಿದರೋ?

ನಾನು ಪತ್ರಿಕೆಯ ಡೆಸ್ಕಿಗೆ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಮೂಲೆಯಲ್ಲಿ ಟೆಲಿಪ್ರಿಂಟರ್ ಕಟಕಟ ಎನ್ನುತ್ತಾ ಇಂಗ್ಲಿಷ್ ಸುದ್ದಿಯನ್ನು ಮಾರುಗಟ್ಟಲೆ ಕಾಗದದಲ್ಲಿ ಕಕ್ಕುತ್ತಿತ್ತು. ನಾವು ಹರಿದುಕೊಂಡು ಬಂದು ಕನ್ನಡ ಮಾಡುತ್ತಿದ್ದೆವು. ಮುಂಗಾರಿನ ದಿನಗಳು. ಕನ್ನಂಬಾಡಿ ಕಟ್ಟೆಯ ನೀರು ಒಂದೇ ದಿನಕ್ಕೆ ಮೂರಡಿ ಏರಿದೆ ಎಂಬ ಎರಡು ಸಾಲಿನ ಸುದ್ದಿ ನನ್ನ ಪಾಲಿಗೆ ಬಂತು. ‘ರೈಸ್’ ಆದಮೇಲೆ ಒಂದು ‘ಬೈ’ ಇತ್ತು. ಅದನ್ನು ‘ಟು’ ಎಂದು ಓದಿಕೊಂಡೆನೋ, ಓದಲೇ ಇಲ್ಲವೋ, ‘ಕೆಆರ್‌ಎಸ್ ನೀರಿನ ಮಟ್ಟ 3 ಅಡಿಗೆ ಏರಿಕೆ’ ಎಂದು ಬರೆದು, ರಾತ್ರಿ ಶಿಫ್ಟ್ ಮುಗಿಸಿ, ನೆಮ್ಮದಿಯಾಗಿ ಮಲಗಿದೆ.

ಮರುದಿನ ಮಧ್ಯಾಹ್ನ ಕಚೇರಿಗೆ ಕಾಲಿಡುವಷ್ಟರಲ್ಲಿ ಫೋನು. ಮಂಡ್ಯ ಕಡೆಯ ಒಬ್ಬ ರೈತರು. ‘ಏನ್ ಸೋಮಿ, ಕಟ್ಟೇಲಿ ಮೂರಡಿ ನೀರು ಅಂತ ಹಾಕಿದ್ದೀರಲ್ಲ, ನಾವು ಒಟ್ಲು ಬಿಡೋದಾ ಬ್ಯಾಡ್ವಾ?’ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮೂರಡಿ ಎಂದರೆ ತಳದ ಕೆಸರೂ ಒದ್ದೆಯಾಗದ ಲೆಕ್ಕ. ಮುಖ್ಯ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿ, ‘ಒಂದೇ ರಾತ್ರೀಲಿ ಕಾವೇರೀನ ಬತ್ತಿಸಿಬಿಟ್ಟೆಯಲ್ಲೋ’ ಅಂದರು. ನಾಲ್ಕು ದಿನ ನಾನು ಅವರ ಮೇಜಿನ ಮುಂದೆ ಹಾಯಲಿಲ್ಲ.

ಪುಟ್ಟೀ, ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಮಾವ, ರೈಸ್‌ಗೂ ರೇಜ್‌ಗೂ ಏನು ವ್ಯತ್ಯಾಸ, ಒಂದೇ ಸಾಲಲ್ಲಿ ಹೇಳು, ಕಾಪಿ ಹೋಗಬೇಕು’ ಅಂದೆಯಲ್ಲ. ಒಂದೇ ಸಾಲಲ್ಲಿ ಹೇಳಿದೆ: ರೈಸ್ ಅಂದರೆ ಏರು, ರೇಜ್ ಅಂದರೆ ಏರಿಸು. ‘ಅಷ್ಟೇನಾ?’ ಅಂತ ನೀನು ಫೋನ್ ಇಟ್ಟೆ. ಇಟ್ಟಮೇಲೆ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಏರು–ಇಳಿಗಳನ್ನೇ ತಿದ್ದಿದವನಿಗೆ ‘ಅಷ್ಟೇನಾ’ ಎಂದರೆ ಹೇಗಾಗಬೇಡ? ನೀನೂ ಈಗ ಅದೇ ಕುರ್ಚಿಗೆ ಬಂದು ಕೂತಿದ್ದೀಯ. ಟೆಲಿಪ್ರಿಂಟರ್ ಹೋಗಿ ಪರದೆ ಬಂದಿದೆ, ಬೈ–ಟುಗಳು ಮಾತ್ರ ಅಲ್ಲೇ ಇವೆ.

ಮೊದಲು ಆ ಜೋಡಿಯನ್ನೇ ನೋಡು. ತಾನಾಗಿ ಆಗುವುದಕ್ಕೊಂದು ಪದ, ಇನ್ನೊಬ್ಬರು ಆಗಿಸುವುದಕ್ಕೊಂದು ಪದ, ಎರಡೂ ಒಂದೇ ಬೇರಿನವು. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಕೆಲವೇ ಕೆಲವು ಉಳಿದಿವೆ. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು. ಫಾಲ್ ಎಂದರೆ ಬೀಳು, ಫೆಲ್ ಎಂದರೆ ಬೀಳಿಸು, ಅದೂ ಹೆಚ್ಚಾಗಿ ಮರವನ್ನು. ಗೋಜಲು ಏನೆಂದರೆ ಫಾಲ್‌ನ ಭೂತಕಾಲವೂ ಫೆಲ್ಲೇ. ‘ದ ಟ್ರೀ ಫೆಲ್’ ಎಂದರೆ ಮರ ಬಿತ್ತು. ‘ದ ಟ್ರೀ ವಾಸ್ ಫೆಲ್ಡ್’ ಎಂದರೆ ಮರ ಕಡಿದು ಕೆಡವಿದರು. ಕೊನೆಯ ಆ ‘ಡ್’ ಒಳಗೆ ಕೊಡಲಿ ಇದೆ. ರಸ್ತೆ ಅಗಲ ಮಾಡುವ ಸುದ್ದಿ ಬಂದಾಗ ಆ ‘ಡ್’ ಕಣ್ತಪ್ಪಿದರೆ, ಸಾಲುಮರಗಳೆಲ್ಲ ಗಾಳಿಗೆ ಬಿದ್ದವು ಎಂದು ನೀನು ಬರೆದಿರುತ್ತೀಯ.

ರೇಜ್ ಎಂಬುದು ಇಂಗ್ಲಿಷಿನ ಮನೆಮಗುವೇನಲ್ಲ. ಕಡಲು ದಾಟಿ ಬಂದು ಇಂಗ್ಲೆಂಡಿನಲ್ಲಿ ನೆಲೆಯೂರಿದ ನಾರ್ಸ್ ಜನರ ಮಾತಿನಿಂದ ಬಂದದ್ದು. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲೇ ಇದ್ದ ಪದ ‘ರೇರ್’. ಹೊಸಬ ಬಂದು ಹಜಾರದಲ್ಲಿ ಕೂತ, ಹಳಬ ಕೊಟ್ಟಿಗೆಗೆ ಹೋದ: ಈಗ ರೇರ್ ಎಂಬುದು ಹೆಚ್ಚಾಗಿ ದನ, ಕೋಳಿ, ಮಕ್ಕಳನ್ನು ಸಾಕುವುದಕ್ಕೆ, ಹಿಂಗಾಲ ಮೇಲೆ ನಿಲ್ಲುವ ಕುದುರೆಗೆ. ಜೊತೆಗೆ ಇನ್ನೊಂದು ಉಪದ್ರವ. ರೇಜ್ ಎಂದೇ ಉಚ್ಚರಿಸುವ ಬೇರೊಂದು ಪದವಿದೆ. ಗಡ್ಡ ಹೆರೆಯುವ ರೇಜರ್ ಇದೆಯಲ್ಲ, ಅದರ ದಾಯಾದಿ. ಕಟ್ಟಡವನ್ನು ನೆಲಸಮ ಮಾಡುವುದು ಎಂದರ್ಥ. ಕಟ್ಟಡ ಎಬ್ಬಿಸಿದರೂ ರೇಜ್, ಕೆಡವಿದರೂ ರೇಜ್! ಕಾಗುಣಿತದಲ್ಲಷ್ಟೇ ಭೇದ. ಕಿವಿಯಲ್ಲಿ ಕೇಳಿ ಬರೆಯುವಾಗ ಎಚ್ಚರವಿರಲಿ. ಅರೈಸ್ ಎಂಬ ಮೂರನೆಯ ಅಣ್ಣನೂ ಇದ್ದಾನೆ. ಅವನು ಬೆಟ್ಟ ಏರುವುದಿಲ್ಲ, ಬೆಲೆಯನ್ನೂ ಏರುವುದಿಲ್ಲ. ಸಮಸ್ಯೆ, ಅನುಮಾನ, ಜಗಳ ಇಂಥವು ತಲೆದೋರುವಾಗ ಮಾತ್ರ ಬರುತ್ತಾನೆ. ನಮ್ಮ ‘ಉದ್ಭವಿಸು’ ಅವನೇ.

ನಮ್ಮ ಭಾಷೆಯಲ್ಲಿ ಈ ತಾಪತ್ರಯ ಇಲ್ಲ ಕಣೇ. ಏರು–ಏರಿಸು, ಇಳಿ–ಇಳಿಸು, ಕೆಡೆ–ಕೆಡವು, ಏಳು–ಎಬ್ಬಿಸು. ಹೆಚ್ಚಿನ ಕಡೆ ‘ಇಸು’ ಎಂಬ ಒಂದು ಬಾಲ ಅಂಟಿಸಿದರೆ ಸಾಕು, ಕೆಲಸ ಮಾಡಿದವನು ಬೆಳಕಿಗೆ ಬರುತ್ತಾನೆ. ಇಷ್ಟು ಸುಲಭದ ಉಪಕರಣ ಕೈಯಲ್ಲಿಟ್ಟುಕೊಂಡು ನಾವು ಮಾಡುವುದೇನು? ‘ಹಾಲಿನ ದರ ಏರಿಕೆ’, ‘ಬಸ್ ಪ್ರಯಾಣ ದರ ಹೆಚ್ಚಳ’, ‘ಶುಲ್ಕ ಏರಿಕೆ’. ಯಾರು ಏರಿಸಿದರು ಎಂಬುದೇ ಮಾಯ. ಹಾಲು ತಾನಾಗಿ ಉಕ್ಕಬಹುದು, ಹಾಲಿನ ದರ ತಾನಾಗಿ ಉಕ್ಕುವುದಿಲ್ಲ.

ಟೊಮೆಟೊ ಬೆಲೆಯ ಮಾತು ಬೇರೆ. ಮಳೆ ಹೆಚ್ಚಾಗಿ ಬೆಳೆ ಕೊಳೆಯಿತು, ಮಂಡಿಗೆ ಲೋಡು ಕಮ್ಮಿ ಬಂತು, ಬೆಲೆ ಏರಿತು. ಅಲ್ಲಿ ‘ಏರಿತು’ ಎನ್ನುವುದೇ ನ್ಯಾಯ. ಆದರೆ ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳಲ್ಲಿ ಶೇ 4ರಿಂದ ಶೇ 4.40ಕ್ಕೆ ಹೋಗಿ, 2023ರ ಫೆಬ್ರುವರಿಗೆ ಶೇ 6.50 ಮುಟ್ಟಿತಲ್ಲ, ಅದು ಏರಿದ್ದಲ್ಲ. ಒಂದು ಸಮಿತಿ ಸಭೆ ಸೇರಿ, ಮತ ಹಾಕಿ, ಏರಿಸಿದ್ದು. ಇಂಗ್ಲಿಷ್ ಏಜೆನ್ಸಿಯವರು ಅಲ್ಲಿ ಒಪ್ಪವಾಗಿ ‘ರೇಜ್ಡ್’ ಎಂದು ಬರೆದಿರುತ್ತಾರೆ, ನಾವು ‘ಏರಿಕೆ’ ಎಂದು ನಾಮಪದ ಮಾಡಿ ಮುಗಿಸುತ್ತೇವೆ. ನಾಮಪದಕ್ಕೆ ಕರ್ತೃ ಬೇಕಿಲ್ಲ ನೋಡು, ಅದೇ ಅದರ ಅನುಕೂಲ. ತಲೆಬರಹದಲ್ಲಿ ಜಾಗ ಸಾಲದೆ ಹಾಗೆ ಮಾಡಿದರೆ ಕ್ಷಮಿಸೋಣ. ಒಳಗಿನ ಮೊದಲ ಸಾಲಿನಲ್ಲಾದರೂ ಆ ‘ಇಸು’ ಇರಲಿ.

ಆ ಅಂಕಿಯನ್ನೇ ಇನ್ನೊಂದು ನಿಮಿಷ ನೋಡು. 4ರಿಂದ 6.50ಕ್ಕೆ ಹೋದರೆ ಎಷ್ಟು ಏರಿದಂತೆ? ‘ಶೇ 2.5ರಷ್ಟು’ ಎಂದು ಥಟ್ಟನೆ ಬರೆಯುವೆ. ಏರಿದ್ದು 2.5 ಶೇಕಡಾವಾರು ಅಂಶ. ಶೇಕಡಾವಾರಿನಲ್ಲೇ ಹೇಳಬೇಕೆಂದರೆ ಮೂಲದ ಮೇಲೆ ಶೇ 62.5ರಷ್ಟು. ಎರಡೂ ಸರಿಯಾದ ಲೆಕ್ಕವೇ, ಹೇಳುವ ಕಥೆ ಬೇರೆ ಬೇರೆ. ‘ರಷ್ಟು’ ಮತ್ತು ‘ಕ್ಕೆ’, ಇವೆರಡೇ ನಮ್ಮ ಬೈ ಮತ್ತು ಟು. ಇವು ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ನಾನು ಕಾವೇರಿ ಬತ್ತಿಸಿ ಕಲಿತೆ, ನೀನು ಸಾಲಗಾರರ ಎದೆ ಒಡೆಸಿ ಕಲಿಯಬೇಡ.

ಏರಿಸಿದವರು ಏರಿಸಿದೆವೆಂದು ಬಾಯಿಬಿಟ್ಟು ಹೇಳುವುದು ಅಪರೂಪ. ಅವರಿಗೆಂದೇ ಇಂಗ್ಲಿಷಿನಲ್ಲಿ ‘ರಿವೈಸ್’ ಎಂಬ ಪದವಿದೆ. ಕನ್ನಡದಲ್ಲಿ ಅದು ‘ಪರಿಷ್ಕರಣೆ’ ಆಗಿ ಮಡಿಯುಟ್ಟು ಬರುತ್ತದೆ. ನನ್ನ ಅಷ್ಟೂ ವರ್ಷದ ನೌಕರಿಯಲ್ಲಿ ಇಳಿಕೆಯನ್ನು ಪರಿಷ್ಕರಣೆ ಎಂದು ಕರೆದ ಒಂದು ಪ್ರಕಟಣೆಯೂ ನನ್ನ ಮೇಜಿಗೆ ಬಂದ ನೆನಪಿಲ್ಲ. ಇಳಿಸಿದಾಗ ‘ಇಳಿಸಿದ್ದೇವೆ’ ಎಂದು ಡಂಗುರ ಸಾರುತ್ತಾರೆ.

ಇನ್ನೊಂದು ಕಡೆ ದೊಡ್ಡವರೇ ಎಡವುತ್ತಾರೆ. ‘ಹಣದುಬ್ಬರ ಇಳಿಕೆ’ ಎಂದು ನೀವು ಹಾಕುತ್ತೀರಿ. ಓದಿದ ನಿನ್ನ ಅತ್ತೆ ಚೀಲ ಹಿಡಿದು ಅಂಗಡಿಗೆ ಹೋಗಿ, ‘ಬೇಳೆ ಯಾಕ್ರೀ ಇಳಿದಿಲ್ಲ?’ ಎಂದು ಜಗಳವಾಡಿ ಬರುತ್ತಾಳೆ. ತಪ್ಪು ಅವಳದಲ್ಲ. ಹೋಟೆಲಿನ ಕಾಫಿ ಮೊದಲ ವರ್ಷ 10 ರೂಪಾಯಿ ಇತ್ತು ಅನ್ನು, ಮರುವರ್ಷ 11 ಆಯಿತು, ಅದರ ಮುಂದಿನ ವರ್ಷ ಹನ್ನೊಂದೂವರೆ ಆಯಿತು. ಏರುವ ವೇಗ ಶೇ 10ರಿಂದ ಶೇ 4.5ರ ಆಸುಪಾಸಿಗೆ ಇಳಿಯಿತು. ಕಾಫಿ ಎಲ್ಲಿ ಇಳಿಯಿತು? ಇಳಿದದ್ದು ಏರಿಕೆ! ಏರಿಕೆಯೇ ಇಳಿಯುತ್ತದೆ ಎಂಬುದು ಕೇಳಲು ತಮಾಷೆಯಾಗಿದ್ದರೂ ಅರ್ಥಶಾಸ್ತ್ರದ ಅರ್ಧ ಸುದ್ದಿ ಇದೇ. ‘ಬೆಲೆ ಏರಿಕೆಯ ವೇಗ ತಗ್ಗಿದೆ’ ಎಂದು ಬರೆದರೆ ನಿನ್ನ ಗಂಟೇನೂ ಹೋಗುವುದಿಲ್ಲ.

ಈಗ ಬೀಳುವ ಪದಗಳಿಗೆ ಬರೋಣ. ಏರುವುದಕ್ಕಿಂತ ಬೀಳುವುದಕ್ಕೇ ಇಂಗ್ಲಿಷಿನಲ್ಲಿ ರಸವತ್ತಾದ ಪದಗಳಿವೆ ಎಂದು ನನ್ನ ಅನಿಸಿಕೆ. ಪ್ಲಮೆಟ್ ತೆಗೆದುಕೋ. ಗಾರೆಯವರು ಗೋಡೆ ನೆಟ್ಟಗಿದೆಯೇ ನೋಡಲು ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಆ ಗುಂಡಿನ ಹೆಸರೇ ಪ್ಲಮೆಟ್. ಲ್ಯಾಟಿನ್ನಿನಲ್ಲಿ ಪ್ಲಂಬಮ್ ಎಂದರೆ ಸೀಸ. ಪ್ಲಂಬರ್ ಬಂದದ್ದೂ ಅಲ್ಲಿಂದಲೇ, ಧುಮುಕುವ ಪ್ಲಂಜ್ ಬಂದದ್ದೂ ಅಲ್ಲಿಂದಲೇ. ಅಂದರೆ ಸೀಸದ ಗುಂಡಿನ ಹಾಗೆ ನೆಟ್ಟಗೆ, ಎಲ್ಲೂ ತಡೆಯಿಲ್ಲದೆ ಬಿದ್ದರೆ ಮಾತ್ರ ಪ್ಲಮೆಟ್. ಸ್ಲಂಪ್ ಎಂದರೆ ಮೊದಲು ಕೆಸರಿನಲ್ಲಿ ಹೂತುಕೊಳ್ಳುವುದು ಎಂದಿತ್ತಂತೆ. ಬಿದ್ದದ್ದಷ್ಟೇ ಅಲ್ಲ, ಬಿದ್ದಲ್ಲೇ ಸಿಕ್ಕಿಕೊಂಡದ್ದು. ರಿಯಲ್ ಎಸ್ಟೇಟ್ ಎರಡು–ಮೂರು ವರ್ಷ ಮೇಲೇಳದೆ ಬಿದ್ದಿದ್ದರೆ ಅದು ಸ್ಲಂಪ್. ಸೋಮವಾರ ಬಿದ್ದು ಬುಧವಾರ ಎದ್ದ ಷೇರಿಗೆ ಆ ಪದ ಸಲ್ಲದು. ಟಂಬಲ್ ಎಂದರೆ ಲಾಗ ಹಾಕಿಕೊಂಡು ಉರುಳುವುದು. ನಾವು ಕಾಫಿ ಕುಡಿಯುವ ಟಂಬ್ಳರ್ ಕೂಡ ಅದರದೇ ಸಂತಾನ: ಹಿಂದೆ ಆ ಹೆಸರಿನ ಗ್ಲಾಸಿಗೆ ತಳ ಗುಂಡಗಿರುತ್ತಿತ್ತು, ಕೆಳಗಿಟ್ಟರೆ ಉರುಳುತ್ತಿತ್ತು, ಕುಡಿದು ಮುಗಿಸದೆ ಇಡುವ ಹಾಗಿರಲಿಲ್ಲ. ನಮ್ಮ ದಬರಾ–ಟಂಬ್ಳರ್ ಎಷ್ಟು ಗಟ್ಟಿಯಾಗಿ ಕೂತಿದೆ ನೋಡು, ಹೆಸರಿಗೆ ಮಾತ್ರ ಉರುಳುಗಳ್ಳ.

ಲ್ಯಾಪ್ಸ್ ಎಂದರೆ ಜಾರುವುದು. ಕಂತು ಕಟ್ಟದೆ ವಿಮೆ ಪಾಲಿಸಿ ಲ್ಯಾಪ್ಸ್ ಆಯಿತು ಎಂದು ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ. ಕೊಲ್ಯಾಪ್ಸ್ ಎಂದರೆ ಎಲ್ಲ ಒಟ್ಟಿಗೆ ಜಾರಿ ಬೀಳುವುದು. ನಮ್ಮ ‘ಕುಸಿತ’ ಅದಕ್ಕೆ ಸರಿಜೋಡಿ. ಡಿಕ್ಲೈನ್ ಎಂದರೆ ಬೀಳುವುದೇ ಅಲ್ಲ, ಆಚೆಗೆ ವಾಲುವುದು. ಆಹ್ವಾನವನ್ನು ಡಿಕ್ಲೈನ್ ಮಾಡುವುದೂ ಅದಕ್ಕೇ: ಬೇಡ ಎಂದು ಒದರದೆ ಮೆಲ್ಲಗೆ ಅತ್ತ ವಾಲಿಕೊಳ್ಳುವುದು. ‘ಇಳಿಮುಖ’ ಎಂಬ ನಮ್ಮ ಪದವನ್ನು ಯಾರು ಕಟ್ಟಿದರೋ, ಕೈಮುಗಿಯಬೇಕು. ಇನ್ನೂ ಬಿದ್ದಿಲ್ಲ, ಮುಖ ಮಾತ್ರ ಕೆಳಗೆ ತಿರುಗಿದೆ.

ಈ ಪದಗಳಿಗೆಲ್ಲ ಒಂದೊಂದು ವೇಗ, ಒಂದೊಂದು ಎತ್ತರ ಇದೆ. ಅಂಕಿ ನೋಡದೆ ಪದ ಹಿಡಿದರೆ ಸುಳ್ಳಾಗುತ್ತದೆ. 2020ರ ಮಾರ್ಚ್ 23, ಕೊರೊನಾದ ಹೆದರಿಕೆ. ಸೆನ್ಸೆಕ್ಸ್ ಅಂದು 3,934 ಅಂಶ ಕಳೆದುಕೊಂಡು 25,981ಕ್ಕೆ ನಿಂತಿತು. 2024ರ ಜೂನ್ 4, ಲೋಕಸಭೆ ಚುನಾವಣೆಯ ಮತ ಎಣಿಕೆ. ಅಂದು ಕಳೆದುಕೊಂಡದ್ದು 4,389 ಅಂಶ. ಯಾವುದು ದೊಡ್ಡ ಬೀಳು? ಅಂಶದ ಲೆಕ್ಕದಲ್ಲಿ ಎರಡನೆಯದು. ಆದರೆ ಮೊದಲನೆಯ ದಿನ ಸೂಚ್ಯಂಕ ನಿಂತಿದ್ದ ಎತ್ತರವೇ ಮೂವತ್ತು ಸಾವಿರದ ಒಳಗೆ, ಬಿದ್ದದ್ದು ಶೇ 13ಕ್ಕೂ ಹೆಚ್ಚು. ಎರಡನೆಯ ದಿನ ಎಪ್ಪತ್ತಾರು ಸಾವಿರದ ಮೇಲಿಂದ ಬಿದ್ದದ್ದು ಶೇ 5.74. ಅಟ್ಟದಿಂದ ಬಿದ್ದವನಿಗೂ ಜಗುಲಿಯಿಂದ ಬಿದ್ದವನಿಗೂ ಇರುವ ಭೇದ ಇದು. ಮೊದಲನೆಯದಕ್ಕೆ ಪ್ಲಮೆಟ್, ಕ್ರ್ಯಾಶ್ ಎಂಬ ಪದಗಳು ಒಪ್ಪುತ್ತವೆ. ಎರಡನೆಯದಕ್ಕೂ ಅದನ್ನೇ ಖರ್ಚು ಮಾಡಿದರೆ ನಾಳೆ ನಿಜವಾಗಿ ಆಕಾಶ ಕಳಚಿ ಬಿದ್ದಾಗ ನಿನ್ನ ಚೀಲದಲ್ಲಿ ಪದ ಇರುವುದಿಲ್ಲ. ಅಂಶಗಳ ಜೊತೆ ಶೇಕಡಾವಾರು ಹಾಕದ ಷೇರು ಸುದ್ದಿ ತೂಕದ ಬಟ್ಟು ಇಲ್ಲದ ತಕ್ಕಡಿ ಇದ್ದ ಹಾಗೆ.

ಒಂದು ಮಜಾ ಹೇಳುತ್ತೇನೆ. ಬೆಳಿಗ್ಗೆ ಜಿಗಿದು ಸಂಜೆ ಬಿದ್ದ ಒಂದು ದಿನ ನಮ್ಮ ಡೆಸ್ಕಿನ ಹುಡುಗನೊಬ್ಬ ‘ನೆಗೆದು ಬಿದ್ದ ಸೆನ್ಸೆಕ್ಸ್’ ಎಂದು ತಲೆಬರಹ ಕೊಟ್ಟ. ಅಕ್ಷರಕ್ಕೆ ಅಕ್ಷರ ಸರಿ. ನೆಗೆಯಿತು, ಬಿತ್ತು. ಆದರೆ ನಮ್ಮ ಕಡೆ ‘ನೆಗೆದುಬಿದ್ದ’ ಎಂದರೆ ಸತ್ತ ಎಂದರ್ಥ, ಅದೂ ಸತ್ತವನ ಮೇಲೆ ಒಂಚೂರು ಸಿಟ್ಟಿರುವವರು ಆಡುವ ಮಾತು. ಪುಟ ಹೋಗುವ ಹತ್ತು ನಿಮಿಷ ಮುಂಚೆ ಸಿಕ್ಕಿತು, ಪುಣ್ಯ. ‘ಏರಿ ಇಳಿದ’ ಎಂದು ಮಾಡಿದೆವು. ಸಪ್ಪೆಯಾಯಿತು ಎಂದು ಹುಡುಗ ಮುಖ ಊದಿಸಿಕೊಂಡ. ಇನ್ನೊಬ್ಬ ಮಹಾಶಯ ಚುನಾವಣೆಯ ‘ಲ್ಯಾಂಡ್‌ಸ್ಲೈಡ್’ ಗೆಲುವನ್ನು ‘ಭೂಕುಸಿತದ ಜಯ’ ಮಾಡಿದ್ದ. ಕೊಡಗು, ಚಿಕ್ಕಮಗಳೂರಿನ ಜನ ಮಳೆಗಾಲದಲ್ಲಿ ಅದನ್ನು ಓದಿದ್ದರೆ ಮನೆಯಿಂದ ಹೊರಗೆ ಓಡುತ್ತಿದ್ದರು. ‘ಪ್ರಚಂಡ ಬಹುಮತ’, ‘ಭರ್ಜರಿ ಗೆಲುವು’ ಇರುವಾಗ ಗುಡ್ಡವನ್ನೇಕೆ ಕೆಡಹಬೇಕು?

ಬೀಳುವುದೆಲ್ಲ ಕೆಟ್ಟದ್ದು, ಏರುವುದೆಲ್ಲ ಒಳ್ಳೆಯದು ಎಂಬ ಹಟವೂ ನಿಮ್ಮ ವಯಸ್ಸಿನವರಲ್ಲಿ ಕಾಣುತ್ತದೆ. ನಿಮ್ಮ ನಕ್ಷೆಗಳಲ್ಲಿ ಹಸಿರು ಬಾಣ ಮೇಲಕ್ಕೆ, ಕೆಂಪು ಬಾಣ ಕೆಳಕ್ಕೆ, ಅದರ ಪ್ರಭಾವವಿರಬೇಕು. ನಮ್ಮ ಮಾತಿನಲ್ಲಿ ಜ್ವರ ಏರುತ್ತದೆ, ಸಾಲ ಏರುತ್ತದೆ, ಬಿಪಿ ಏರುತ್ತದೆ, ಅಮಲು ಏರುತ್ತದೆ, ಹಾವು ಕಡಿದರೆ ವಿಷ ಏರುತ್ತದೆ. ಇವೆಲ್ಲ ಇಳಿಯಲಿ ಎಂದೇ ಹರಕೆ ಹೊರುತ್ತೇವೆ. ಅತ್ತ ಮಳೆ ಬಿದ್ದರೆ ಸಂತೋಷ, ಓಟು ಬಿದ್ದರೆ ಇನ್ನೂ ಸಂತೋಷ, ಬೆಳಗಿನ ಎಳೆಬಿಸಿಲು ಬಿದ್ದರೆ ಬಾಣಂತಿಗೆ ಹಿತ. ಸೀರೆ ಕೊಂಡು ತಂದರೆ ಅಕ್ಕಪಕ್ಕದವರು ‘ಎಷ್ಟು ಬಿತ್ತು?’ ಎಂದು ಕೇಳುತ್ತಾರೆ. ಸಾಮಾನು ಸಾಲದೆ ಹೋದರೆ ‘ಕಡಿಮೆ ಬಿತ್ತು’ ಎನ್ನುತ್ತೇವೆ. ಇಂಗ್ಲಿಷಿನವರೂ ಥೇಟ್ ಹಾಗೇ ‘ಫಾಲ್ ಶಾರ್ಟ್’ ಎನ್ನುತ್ತಾರೆ, ಯಾರೂ ಯಾರಿಂದಲೂ ಕದ್ದದ್ದಲ್ಲ. ಉಳದೆ ಬಿಟ್ಟ ಹೊಲ ‘ಬೀಳು’. ಅವರ ವಿಂಡ್‌ಫಾಲ್ ಎಂದರೆ ಗಾಳಿಗೆ ಬಿದ್ದ ಹಣ್ಣು, ಅಂದರೆ ಅನಾಯಾಸ ಲಾಭ. 2022ರ ಜುಲೈಯಿಂದ 2024ರ ಡಿಸೆಂಬರಿನವರೆಗೆ ಕಚ್ಚಾ ತೈಲದ ಕಂಪನಿಗಳ ಮೇಲೆ ಕೇಂದ್ರ ಸರ್ಕಾರ ಹಾಕಿದ ವಿಂಡ್‌ಫಾಲ್ ತೆರಿಗೆಯ ಸುದ್ದಿ ನೀವೆಲ್ಲ ಬರೆದಿದ್ದೀರಿ. ಬರೆಯುವಾಗ ನಿನಗೆ ನಮ್ಮೂರ ಹಿತ್ತಲಿನ ಮಾವಿನ ಮರ ನೆನಪಾಯಿತೇ? ರಾತ್ರಿ ಗಾಳಿ ಬೀಸಿದರೆ ಬೆಳಗಿನ ಜಾವ ಲಂಗ ಎತ್ತಿ ಕಟ್ಟಿಕೊಂಡು ಓಡುತ್ತಿದ್ದೆಯಲ್ಲ, ಆ ಕಾಯಿಗಳೇ ವಿಂಡ್‌ಫಾಲ್. ಪಕ್ಕದ ಮನೆಯವರ ಮರ ಎಂಬುದು ಬೇರೆ ಮಾತು. ತೆರಿಗೆ ಆಗಲೇ ಬೀಳಬೇಕಿತ್ತು.

ದಿಕ್ಕುಗಳೂ ಏಳುಬೀಳುಗಳೇ. ಓರಿಯಂಟ್ ಎಂದರೆ ಲ್ಯಾಟಿನ್ನಿನಲ್ಲಿ ಏಳುವುದು, ಮೂಡುವುದು. ಆಕ್ಸಿಡೆಂಟ್ ಎಂದರೆ ಬೀಳುವುದು, ಮುಳುಗುವುದು. ಇದು ಪಶ್ಚಿಮ ಎಂಬರ್ಥದ ಆಕ್ಸಿಡೆಂಟ್. ರಸ್ತೆಯ ಮೇಲಾಗುವುದು ಬೇರೆ ಕಾಗುಣಿತ. ಆದರೆ ಅದೂ ‘ಬೀಳು’ ಎಂಬ ಅದೇ ಬೇರಿನಿಂದಲೇ ಬಂದದ್ದು. ಈಗ ನಮ್ಮದನ್ನು ನೋಡು: ಹೊತ್ತು ಮೂಡುವ ಕಡೆ ಮೂಡಣ, ಹೊತ್ತು ಪಡುವ ಕಡೆ ಪಡುವಣ. ಹಳಗನ್ನಡದಲ್ಲಿ ‘ಪಡು’ ಎಂದರೆ ಸೂರ್ಯ ಮುಳುಗು ಎಂದೂ ಇತ್ತು. ಕರಾವಳಿಯಲ್ಲಿ ಮೂಡುಬಿದಿರೆಗೂ ಪಡುಬಿದ್ರಿಗೂ ಬಸ್ಸು ಹತ್ತಿ ಇಳಿಯುವ ಜನ ದಿನವೂ ಓರಿಯಂಟ್–ಆಕ್ಸಿಡೆಂಟ್ ಮಾಡುತ್ತಿದ್ದಾರೆ. ಕಣ್ಣಿನ ಡಾಕ್ಟರು ರೆಪ್ಪೆ ಜೋತುಬಿದ್ದರೆ ಟೋಸಿಸ್ ಎನ್ನುತ್ತಾರಲ್ಲ, ಗ್ರೀಕರ ಆ ಬೀಳುವ ಪದವೇ ವ್ಯಾಕರಣಕ್ಕೂ ಹೋಯಿತು. ವಿಭಕ್ತಿಗೆ ಅವರು ಇಟ್ಟ ಹೆಸರು ‘ಬೀಳು’. ಲ್ಯಾಟಿನ್ನಿನವರು ಅದನ್ನು ಅನುವಾದಿಸಿಕೊಂಡರು, ಇಂಗ್ಲಿಷಿನ ‘ಕೇಸ್’ ಆಯಿತು. ನೀನು ಶಾಲೆಯಲ್ಲಿ ವಿಭಕ್ತಿಯಲ್ಲಿ ಬೀಳುತ್ತಿದ್ದದ್ದು ಸಕಾರಣವೇ.

ಹತ್ತುವ–ಏರುವ ಪದಗಳಲ್ಲೂ ಇಂಗ್ಲಿಷಿನವರಿಗೆ ಮಡಿವಂತಿಕೆ ಇದೆ, ನಮಗೂ ಇದೆ. ಮರ, ಬೆಟ್ಟ ಇವಕ್ಕೆ ಕ್ಲೈಂಬ್, ಕುದುರೆಗೆ ಮೌಂಟ್, ಸಿಂಹಾಸನಕ್ಕೆ ಅಸೆಂಡ್, ಬಸ್ಸಿಗೆ ಬೋರ್ಡ್. ನಾವು ಬಸ್ಸನ್ನೂ ಮರದ ಹಾಗೇ ಹತ್ತುತ್ತೇವೆ. ಹಾಗಂತ ಇಂಗ್ಲಿಷಿನಲ್ಲಿ ಬಸ್ಸನ್ನು ಕ್ಲೈಂಬ್ ಮಾಡಿದರೆ ನೀನು ಟಾಪಿನ ಮೇಲೆ ಕೂತಿದ್ದೀಯ ಎಂದುಕೊಳ್ಳುತ್ತಾರೆ. ಸಿಂಹಾಸನ ಮಾತ್ರ ನಮ್ಮಲ್ಲೂ ಏರುವುದೇ. ಸಿಂಹಾಸನ ಹತ್ತಿದ ಎಂದರೆ ಕೋತಿಯ ಚಿತ್ರ ಕಣ್ಣಿಗೆ ಬರುತ್ತದೆ. ಸೋರ್ ಎಂಬುದನ್ನು ಬೆಲೆಗೆ ಬಳಸುತ್ತಾರಲ್ಲ, ಅದು ಹಕ್ಕಿಯ ಪದ. ಮಧ್ಯಾಹ್ನದ ಹೊತ್ತು ಗರುಡ ರೆಕ್ಕೆ ಬಡಿಯದೆ, ಬಿಸಿಗಾಳಿಯ ಮೇಲೆ ಕೂತು, ಸುತ್ತುಸುತ್ತುತ್ತಾ ಮೇಲೆ ಹೋಗುತ್ತದಲ್ಲ, ಅದು. ಈರುಳ್ಳಿ ಬೆಲೆಗೆ ನಾವು ‘ಗಗನಕ್ಕೇರಿತು’ ಎಂದು ಬರೆದೂ ಬರೆದೂ ಆ ಗಗನ ಈಗ ತಾರಸಿಯಷ್ಟು ಎತ್ತರ ಉಳಿದಿದೆ.

ನಿನ್ನ ಗಂಡನ ಕಂಪನಿಯ ಇಂಗ್ಲಿಷಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅವನು ಟಿಕೆಟ್ ‘ರೇಜ್’ ಮಾಡುತ್ತಾನೆ, ಉತ್ತರ ಬರದಿದ್ದರೆ ‘ಎಸ್ಕಲೇಟ್’ ಮಾಡುತ್ತಾನೆ, ವರ್ಷಕ್ಕೊಮ್ಮೆ ‘ಹೈಕ್’ಗೆ ಕಾಯುತ್ತಾನೆ. ಎಸ್ಕಲೇಟ್ ಎಂಬ ಕ್ರಿಯಾಪದ ಹುಟ್ಟಿದ್ದು ಎಸ್ಕಲೇಟರ್ ಎಂಬ ಯಂತ್ರದ ಹೆಸರಿನಿಂದ ಎಂದು ಅವನಿಗೆ ಹೇಳು. ಮೊದಲು ಮೆಟ್ಟಿಲು ಬಂತು, ಆಮೇಲೆ ದೂರು ಹತ್ತಿತು. ಸಂಬಳ ಏರಿದರೆ ಬ್ರಿಟಿಷರು ‘ರೈಸ್’ ಎನ್ನುತ್ತಾರೆ, ಅಮೆರಿಕದವರು ‘ರೇಜ್’ ಎನ್ನುತ್ತಾರೆ. ತಾನಾಗಿ ಏರಿತು ಎಂದುಕೊಳ್ಳುವವರು ಒಬ್ಬರು, ಯಜಮಾನ ಏರಿಸಿದ ಎಂದುಕೊಳ್ಳುವವರು ಇನ್ನೊಬ್ಬರು. ನಾವು ಇಬ್ಬರನ್ನೂ ಬಿಟ್ಟು ‘ಹೈಕ್’ ಹಿಡಿದೆವು.

ಕೊನೆಗೆ ಎರಡು ಪದ ಜೊತೆಯಾಗಿ ಬರುವ ಒಂದು ಜಾಗ ತೋರಿಸಬೇಕು. ಎಡ್ವರ್ಡ್ ಗಿಬ್ಬನ್ ರೋಮನ್ ಸಾಮ್ರಾಜ್ಯದ ಬಗ್ಗೆ ಬರೆದ ದೊಡ್ಡ ಇತಿಹಾಸದ ಮೊದಲ ಸಂಪುಟ ಬಂದದ್ದು 1776ರಲ್ಲಿ. ಅದರ ಹೆಸರಿನಲ್ಲಿ ‘ಡಿಕ್ಲೈನ್’ ಮೊದಲು, ‘ಫಾಲ್’ ಆಮೇಲೆ. ಇಳಿಜಾರು, ಅದರ ಕೊನೆಗೆ ಬೀಳು. ಅಂದಿನಿಂದ ಯಾವ ರಾಜ್ಯದ ಕಥೆ ಬರೆದರೂ ಜನ ಈ ಎರಡು ಪದಗಳನ್ನು ಇದೇ ಅನುಕ್ರಮದಲ್ಲಿ ಜೋಡಿಸುತ್ತಾರೆ, ನಾವೂ ‘ಅವನತಿ ಮತ್ತು ಪತನ’ ಎಂದು ಅನುವಾದಿಸಿಕೊಂಡು ವಿಜಯನಗರಕ್ಕೆ ತೊಡಿಸುತ್ತೇವೆ. ತೊಡಿಸಿದರೆ ಅಂಗಿ ಹಿಂದುಮುಂದಾಗುತ್ತದೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧಕ್ಕೆ ಹೋದ ರಾಮರಾಯನ ರಾಜ್ಯ ಇಳಿಮುಖದಲ್ಲಿರಲಿಲ್ಲ. ಸಿರಿಯೂ ಇತ್ತು, ಸೇನೆಯೂ ಇತ್ತು. ಒಂದೇ ಯುದ್ಧದಲ್ಲಿ ರಾಜಧಾನಿ ಬಿತ್ತು, ಹಂಪೆ ಹಾಳಾಯಿತು. ಬಿದ್ದಮೇಲೆ ರಾಜ್ಯ ಪೆನುಕೊಂಡೆಗೆ ಹೋಯಿತು, ಚಂದ್ರಗಿರಿಗೆ ಹೋಯಿತು, ಇನ್ನೂ ಸುಮಾರು ಎಂಬತ್ತು ವರ್ಷ ಸವೆಯುತ್ತಾ ಬದುಕಿತು. ಇಲ್ಲಿ ಬೀಳು ಮೊದಲು, ಇಳಿಜಾರು ಆಮೇಲೆ. ಇನ್ನೊಂದು, ವಿಜಯನಗರ ತಾನಾಗಿ ಬಿತ್ತೇ, ಕೆಡವಿದರೇ? ಗೆದ್ದ ಸುಲ್ತಾನರ ಸೇನೆ, ಸುಲಿಗೆ ಮಾಡಿದವರು, ಕಾಯಲು ನಿಲ್ಲದೆ ಬೊಕ್ಕಸ ಹೊತ್ತು ಹೊರಟ ಅರಮನೆಯವರು, ಇಷ್ಟೂ ಜನ ‘ಪತನ’ ಎಂಬ ಮೂರಕ್ಷರದ ಹಿಂದೆ ನಿಂತಿದ್ದಾರೆ.

ಆ ಮಂಡ್ಯದ ರೈತರ ವಿಷಯ ಮುಗಿಸಲಿಲ್ಲ. ಅಂದು ಫೋನಿನಲ್ಲಿ ತಪ್ಪಾಯಿತು ಎಂದು ಕೇಳಿಕೊಂಡು, ಕಟ್ಟೆಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂದು ವಿಚಾರಿಸಿ ಹೇಳಿದೆ. ಅವರು ಬೈಯಲಿಲ್ಲ. ನನ್ನ ಹೆಸರು ಕೇಳಿ ಬರೆದುಕೊಂಡರು. ಆಮೇಲೆ ಎಷ್ಟೋ ವರ್ಷ, ಮುಂಗಾರು ಹಿಡಿದು ನಾಲ್ಕು ದಿನ ಬಿಡದೆ ಸುರಿದರೆ, ಮಧ್ಯಾಹ್ನದ ಹೊತ್ತಿಗೆ ಫೋನು ಬರುತ್ತಿತ್ತು. ನಾನು ಅಷ್ಟರಲ್ಲಿ ಅಂದಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಗಾಜಿನ ಕೆಳಗೆ ಇಟ್ಟುಕೊಂಡಿರುತ್ತಿದ್ದೆ. ಅವರು ಪೀಠಿಕೆ ಹಾಕುತ್ತಿರಲಿಲ್ಲ. ‘ಸೋಮಿ, ಎಷ್ಟಡಿ ಏರ್ತು, ಎಷ್ಟಡಿಗೆ ಬಂತು? ಎರಡೂ ಹೇಳಿ.’